ಜೊತೆಯಾಟಗಾರ



ಜೀವಮಾನವೆಲ್ಲ ಕನ್ನಡ ಪಾಠ ಹೇಳಿಕೊಂಡು ಬಂದ ಒಬ್ಬ ಅಧ್ಯಾಪಕ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರನೊಬ್ಬನ ವಿಷಯವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ಆಶ್ಚರ್ಯವಾಗುವುದು ಸಹಜ. ನನಗೆ ಆ ಆಟ ಬಾರದು. ಅದರೊಡನೆ ನನಗಿದ್ದ ಸಂಬಂಧ ಇಷ್ಟೇ: ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಗಳ ಕನ್ನಡ ವಿಭಾಗದ ಕಿಟಕಿಗೆ ಎದುರಾಗಿತ್ತು. ಸಂಜೆಯ ಕೊನೆಯ ತರಗತಿಯಲ್ಲಿ ನಾನು ಪಂಪನನ್ನೋ ರನ್ನನನ್ನೋ ಪಾಠ ಹೇಳುತ್ತಿರುವಾಗ ಹೊರಗೆ ಚೆಂಡು ನೆಲಕ್ಕೆ ಬಡಿಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಆ ಸದ್ದಿನ ಮೇಲೆ ನನಗೆ ಕೋಪವಿತ್ತು. ಆಡುತ್ತಿದ್ದ ಹುಡುಗರಲ್ಲಿ ನನ್ನ ವಿದ್ಯಾರ್ಥಿಯೂ ಒಬ್ಬ. ಅವನು ಒಮ್ಮೆ ನನ್ನನ್ನು ಸಮಾಧಾನಪಡಿಸಲೆಂದೋ ಏನೋ, "ಸಾರ್, ನೀವು ಕರ್ಣನ ಸ್ನೇಹದ ವಿಷಯ ಹೇಳಿದಿರಿ, ನಮ್ಮ ಆಟದಲ್ಲಿಯೂ ಒಂದು ಸ್ನೇಹದ ಕಥೆ ಇದೆ" ಎಂದು ಹೇಳಿ ಎರಡು ಹೆಸರುಗಳನ್ನು ಕೊಟ್ಟ. ಮಾರಿಸ್ ಸ್ಟೋಕ್ಸ್ ಮತ್ತು ಜ್ಯಾಕ್ ಟ್ವೈಮನ್. ಅಂದು ನಾನು ಆ ಹೆಸರುಗಳನ್ನು ಕೇಳಿ ಮರೆತೆ. ಬಹುಕಾಲದ ಮೇಲೆ, ನಿವೃತ್ತನಾದ ನಂತರ, ಅವುಗಳನ್ನು ಮತ್ತೆ ಹುಡುಕಿಕೊಂಡು ಹೋಗುವ ಸಂದರ್ಭ ಬಂತು. ಆ ಸಂದರ್ಭವೇನೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಆಟದ ಮಾತು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಹಿಮ ಬೀಳುವ ದಿನಗಳಲ್ಲಿ ಮನೆಯೊಳಗೇ ಹುಡುಗರಿಗೆ ಕೈಕಾಲಾಡಿಸಲು ಏನಾದರೂ ಬೇಕೆಂದು ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕ ಇದನ್ನು ಕಲ್ಪಿಸಿದ. ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಮೇಲಂತಸ್ತಿನ ಮೊಗಸಾಲೆಯ ಕಟಕಟೆಗೆ ಮೊಳೆ ಹೊಡೆದು ತೂಗಿಸಿದ್ದರಿಂದಲೇ ಆಟಕ್ಕೆ ಆ ಹೆಸರು. ಅವನು ಕೆಲಸಮಾಡುತ್ತಿದ್ದ ವೈ.ಎಂ.ಸಿ.ಎ. ಸಂಸ್ಥೆಯ ಮೂಲಕವೇ ಅದು ನಮ್ಮ ದೇಶಕ್ಕೂ ಬಂತು. ಒಂದು ಪಕ್ಕಕ್ಕೆ ಐವರು. ಎಸೆದ ಚೆಂಡು ಬುಟ್ಟಿಗೆ ಬಿದ್ದರೆ ಅಂಕ. ಬೀಳದೆ ಅಂಚಿಗೋ ಹಲಗೆಗೋ ತಗುಲಿ ಮರಳಿ ಬಂದಾಗ ಅದನ್ನು ಮೇಲೆ ನೆಗೆದು ಹಿಡಿಯುವುದಕ್ಕೆ 'ರಿಬೌಂಡ್' ಎಂದು ಹೆಸರು. ಬುಟ್ಟಿಗೆ ಚೆಂಡು ಹಾಕುವವನನ್ನು ಎಲ್ಲರೂ ನೋಡುತ್ತಾರೆ. ಇತರರ ಗುರಿ ತಪ್ಪಿದಾಗ ಚೆಂಡನ್ನು ಉಳಿಸಿಕೊಡುವವನನ್ನು ಆಟ ಬಲ್ಲವರು ಮಾತ್ರ ನೋಡುತ್ತಾರೆ. ಸ್ಟೋಕ್ಸ್ ಈ ಎರಡನೆಯ ಕೆಲಸದಲ್ಲಿ ತನ್ನ ಕಾಲಕ್ಕೆ ಅಸಾಮಾನ್ಯನಾಗಿದ್ದವನು.

ಮಾರಿಸ್ ಸ್ಟೋಕ್ಸ್ ಹುಟ್ಟಿದ್ದು 1933ರ ಜೂನ್ 17ರಂದು, ಪೆನ್ಸಿಲ್ವೇನಿಯ ರಾಜ್ಯದ ಪಿಟ್ಸ್‌ಬರ್ಗ್ ನಗರದ ಮಗ್ಗುಲಿಗಿರುವ ರ‍್ಯಾಂಕಿನ್ ಎಂಬ ಸಣ್ಣ ಊರಿನಲ್ಲಿ. ಕರಿಯರ ಕುಟುಂಬ. ತಂದೆ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ. ತಾಯಿ ಪರರ ಮನೆಯಲ್ಲಿ ಕೆಲಸ ಮಾಡುತ್ತಿದ್ದಾಕೆ. ಹುಡುಗ ಪಿಟ್ಸ್‌ಬರ್ಗಿನ ವೆಸ್ಟಿಂಗ್‌ಹೌಸ್ ಪ್ರೌಢಶಾಲೆಯಲ್ಲಿ ಓದಿ, ಬೆಟ್ಟಗಳ ನಡುವಿನ ಲೊರೆಟೊ ಎಂಬ ಹಳ್ಳಿಯಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ನಡೆಸುತ್ತಿದ್ದ ಸೇಂಟ್ ಫ್ರಾನ್ಸಿಸ್ ಕಾಲೇಜನ್ನು ಸೇರಿದ. ಯಾರೂ ಹೆಸರು ಕೇಳದ ಆ ಸಣ್ಣ ಕಾಲೇಜು 1955ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ರಾಷ್ಟ್ರೀಯ ಆಹ್ವಾನಿತ ಪಂದ್ಯಾವಳಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂತು. ಪಂದ್ಯಾವಳಿಯ ಅತ್ಯುತ್ತಮ ಆಟಗಾರನೆಂಬ ಗೌರವ ಮಾತ್ರ ಗೆದ್ದ ತಂಡದವರಿಗೆ ಹೋಗದೆ ಸ್ಟೋಕ್ಸ್‌ಗೆ ಬಂತು. ಸೋತವರ ಕಡೆಯವನನ್ನು ಹೀಗೆ ಎತ್ತಿ ಹಿಡಿಯುವುದು ಆಟಗಳ ಲೋಕದಲ್ಲಿ ಅಪರೂಪ.

ಅದೇ ವರ್ಷ ರಾಚೆಸ್ಟರ್ ರಾಯಲ್ಸ್ ಎಂಬ ವೃತ್ತಿ ತಂಡ ಅವನನ್ನು ತೆಗೆದುಕೊಂಡಿತು. ಅಂದಿನ ವೃತ್ತಿ ಬ್ಯಾಸ್ಕೆಟ್‌ಬಾಲನ್ನು ಇಂದಿನ ವೈಭವದಿಂದ ಅಳೆಯಬಾರದು. ಎನ್.ಬಿ.ಎ. ಎಂಬ ಹೆಸರು ಬಂದು ಆರು ವರ್ಷಗಳಷ್ಟೇ ಆಗಿದ್ದವು. ಇದ್ದದ್ದು ಎಂಟು ತಂಡ. ಆಟಗಾರರಲ್ಲಿ ಅನೇಕರು ಬೇಸಿಗೆಯಲ್ಲಿ ಬೇರೆ ಉದ್ಯೋಗ ಮಾಡಿಯೇ ಸಂಸಾರ ತೂಗಿಸಬೇಕಾಗಿತ್ತು. ಕರಿಯ ಆಟಗಾರರಿಗೆ ಅದರ ಬಾಗಿಲು ತೆರೆದದ್ದು 1950ರಲ್ಲಿ. ಹಾಗೆ ಮೊದಲು ಒಳಗೆ ಬಂದವರಲ್ಲೊಬ್ಬನಾದ ಚಕ್ ಕೂಪರ್ ಕೂಡ ವೆಸ್ಟಿಂಗ್‌ಹೌಸ್ ಶಾಲೆಯವನೇ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಮನೆಯೊಳಗಿನವರೆಲ್ಲ ಬರಮಾಡಿಕೊಂಡರೆಂದಲ್ಲ. ಒಂದೇ ತಂಡದಲ್ಲಿ ಆಡಿದವರಿಗೆ ಒಂದೇ ಹೋಟೆಲಿನಲ್ಲಿ ಊಟ ಹುಟ್ಟದ ಊರುಗಳು ಇನ್ನೂ ಇದ್ದವು.

ಸ್ಟೋಕ್ಸ್ ಆರು ಅಡಿ ಏಳು ಅಂಗುಲ ಎತ್ತರದ ಆಳು. ತೂಕ ಸುಮಾರು 109 ಕಿಲೋಗ್ರಾಮ್. ಇಂಥ ಮೈಯವನು ಬುಟ್ಟಿಯ ಕೆಳಗೆ ಬಂಡೆಯಂತೆ ನಿಲ್ಲುವುದು ಅಂದಿನ ರೂಢಿ. ಇವನು ಮಾತ್ರ ಚೆಂಡನ್ನು ಹಿಡಿದು, ತಾನೇ ಪುಟಿಸಿಕೊಂಡು ಅಂಗಳದುದ್ದಕ್ಕೂ ಓಡಿ, ತೆರವಾಗಿ ನಿಂತ ಜೊತೆಗಾರನಿಗೆ ನಾಜೂಕಾಗಿ ದಾಟಿಸುವನು. ಮೊದಲ ಆಟದಲ್ಲೇ 32 ಅಂಕ, 20 ರಿಬೌಂಡ್. ಆ ಋತುವಿನಲ್ಲಿ ಒಮ್ಮೆ ಒಂದೇ ಆಟದಲ್ಲಿ 38 ರಿಬೌಂಡ್ ಹಿಡಿದ. ವರ್ಷದ ಉತ್ತಮ ಹೊಸಬನೆಂಬ ಪ್ರಶಸ್ತಿ ಬಂತು. ಎರಡನೆಯ ವರ್ಷ 1,256 ರಿಬೌಂಡುಗಳ ದಾಖಲೆಯಾಯಿತು. ಮೂರನೆಯ ವರ್ಷ ರಿಬೌಂಡ್ ಸರಾಸರಿಯಲ್ಲಿ ಎರಡನೆಯವನು, ಇತರರಿಗೆ ಅಂಕ ಒದಗಿಸಿಕೊಡುವುದರಲ್ಲಿ ಮೂರನೆಯವನು. ಒಬ್ಬನೇ ಮನುಷ್ಯ ಹೀಗೆ ಎರಡು ಬಗೆಯ ಕೆಲಸದಲ್ಲೂ ಮುಂದಿರುವುದನ್ನು ಅಂದಿನವರು ಕಂಡಿರಲಿಲ್ಲ. 202 ಆಟಗಳಲ್ಲಿ ಆಟವೊಂದಕ್ಕೆ ಸರಾಸರಿ 16.4 ಅಂಕ, 17.3 ರಿಬೌಂಡ್. ಆ ಮೂರು ವರ್ಷಗಳಲ್ಲೂ ಶ್ರೇಷ್ಠ ಆಟಗಾರರ ಪ್ರದರ್ಶನ ಪಂದ್ಯಕ್ಕೆ ಅವನ ಆಯ್ಕೆಯಾಯಿತು. ಅವನ ಆಟದ ಬಾಳೆಲ್ಲ ಇಷ್ಟೇ, ಮೂರು ವರ್ಷ.

ಅದೇ 1955ರಲ್ಲಿ ಅದೇ ತಂಡಕ್ಕೆ ಬಂದ ಇನ್ನೊಬ್ಬ ಹೊಸಬ ಜ್ಯಾಕ್ ಟ್ವೈಮನ್. ಅವನೂ ಪಿಟ್ಸ್‌ಬರ್ಗಿನವನು, ಬಿಳಿಯ. ಶಾಲೆಯಲ್ಲಿ ಮೂರು ಬಾರಿ ತಂಡಕ್ಕೆ ಸೇರಲು ಹೋಗಿ ಮೂರು ಬಾರಿಯೂ ಬೇಡವೆನಿಸಿಕೊಂಡು, ಕೊನೆಯ ವರ್ಷದಲ್ಲಿ ಆಯ್ಕೆಯಾದ ಛಲಗಾರ. ಸಿನ್ಸಿನಾಟಿ ವಿಶ್ವವಿದ್ಯಾನಿಲಯದಲ್ಲಿ ಓದಿದ. ದೂರದಿಂದ ಗುರಿಯಿಟ್ಟು ಎಸೆಯುವುದು ಅವನ ವಿದ್ಯೆ. ಇಬ್ಬರೂ ಬೇಸಿಗೆಯ ಆಟಗಳಲ್ಲಿ ಪಿಟ್ಸ್‌ಬರ್ಗಿನ ಅಂಗಳಗಳಲ್ಲಿ ಎದುರಾದವರೇ. ಆದರೆ ಇವರು ಪ್ರಾಣಸ್ನೇಹಿತರೇನೂ ಆಗಿರಲಿಲ್ಲ. ಈ ಅಂಶವನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಒಂದೇ ಬಣ್ಣದ ಅಂಗಿ ತೊಟ್ಟು ಒಂದೇ ಚೆಂಡಿನ ಹಿಂದೆ ಓಡುತ್ತಿದ್ದ ಇಬ್ಬರು ಸಹೋದ್ಯೋಗಿಗಳು, ಅಷ್ಟೆ.

1957ರಲ್ಲಿ ತಂಡ ರಾಚೆಸ್ಟರನ್ನು ಬಿಟ್ಟು ಸಿನ್ಸಿನಾಟಿಗೆ ಹೋಯಿತು. ಒಹೈಯೊ ನದಿಯ ದಡದ ಊರು ಅದು. ನದಿಯಾಚೆ ಕೆಂಟಕಿ, ಹಿಂದೆ ಗುಲಾಮಗಿರಿ ನಡೆಯುತ್ತಿದ್ದ ರಾಜ್ಯ. 1958ರ ಮಾರ್ಚ್ 12ರಂದು ಋತುವಿನ ಕೊನೆಯ ಆಟ ಮಿನ್ನಿಯಾಪೊಲಿಸಿನಲ್ಲಿ. ಸ್ಟೋಕ್ಸ್ ಬುಟ್ಟಿಯತ್ತ ನುಗ್ಗಿ ನೆಗೆದಾಗ ಎದುರಾಳಿಯ ಮೈ ತಾಗಿ ಬಿದ್ದ. ತಲೆ ನೆಲಕ್ಕೆ ಅಪ್ಪಳಿಸಿ ಪ್ರಜ್ಞೆ ತಪ್ಪಿತು. ಮೂಗಿಗೆ ಘಾಟು ಹಿಡಿದು ಎಚ್ಚರಿಸಿದರು. ಎದ್ದ, ಮತ್ತೆ ಆಡಿದ. ತಲೆಗೆ ಪೆಟ್ಟಾದವನನ್ನು ಹೊರಗೆ ಕೂರಿಸಿ ಪರೀಕ್ಷಿಸಬೇಕೆಂಬ ಕಟ್ಟುಪಾಡು ಆಗ ಇರಲಿಲ್ಲ. ಮೂರು ದಿನಗಳ ಮೇಲೆ, 15ನೆಯ ತಾರೀಖು, ಡೆಟ್ರಾಯಿಟಿನಲ್ಲಿ ಮತ್ತೊಂದು ಆಟ. 12 ಅಂಕ, 15 ರಿಬೌಂಡ್. ಆ ರಾತ್ರಿ ಹಿಂದಿರುಗುವ ವಿಮಾನದಲ್ಲಿ ಅವನಿಗೆ ಸೆಳವು ಬಂದು ಮೈ ನಡುಗಿ, ಪ್ರಜ್ಞೆ ಹೋಯಿತು. ಎಷ್ಟೋ ದಿನಗಳ ಮೇಲೆ ಎಚ್ಚರವಾದಾಗ ಕತ್ತಿನಿಂದ ಕೆಳಗೆ ಮೈ ಮಾತು ಕೇಳಲಿಲ್ಲ, ನಾಲಗೆ ಹೊರಳಲಿಲ್ಲ. ಮಿದುಳಿನಲ್ಲಿ ಚಲನೆಯನ್ನು ನಡೆಸುವ ಭಾಗಕ್ಕೆ ಪೆಟ್ಟಾಗಿತ್ತು. ಬುದ್ಧಿ ಮಾತ್ರ ಮೊದಲಿನಂತೆಯೇ ಸ್ವಚ್ಛವಾಗಿತ್ತು. ಅವನಿಗಾಗ 24 ವರ್ಷ.

ಶ್ರೋತೃಗಳೆ, ದುರಂತದ ಕಥೆಗಳು ಸಾಮಾನ್ಯವಾಗಿ ಇಲ್ಲಿ ಮುಗಿಯುತ್ತವೆ. ಪತ್ರಿಕೆಗಳಲ್ಲಿ ಮರುಕದ ಮಾತು ಬರುತ್ತದೆ, ನೋಡುವವರು ಹಣ್ಣು ಹೂವು ತರುತ್ತಾರೆ, ಹೊಸ ಋತು ಮೊದಲಾಗುತ್ತದೆ. ಆಮೇಲೆ ಉಳಿಯುವುದು ಆಸ್ಪತ್ರೆಯ ಲೆಕ್ಕ. ಸ್ಟೋಕ್ಸ್‌ನ ವಿಷಯದಲ್ಲಿ ಆ ಲೆಕ್ಕ ದಿನದಿನಕ್ಕೆ ಬೆಳೆಯುತ್ತಿತ್ತು. ಬ್ಯಾಂಕಿನಲ್ಲಿ ಅವನ ಸ್ವಂತ ಹಣ ಸ್ವಲ್ಪ ಇದ್ದರೂ ರುಜು ಹಾಕಲು ಕೈ ಇಲ್ಲ. ತಂದೆತಾಯಿಗಳು ದೂರದಲ್ಲಿದ್ದವರು, ಬಡವರು. ತಂಡದ ಆಟಗಾರರಲ್ಲಿ ಹೆಚ್ಚಿನವರು ಋತು ಮುಗಿದೊಡನೆ ತಂತಮ್ಮ ಊರು ಸೇರಿದ್ದರು. ಸಿನ್ಸಿನಾಟಿಯಲ್ಲಿಯೇ ಮನೆ ಮಾಡಿಕೊಂಡಿದ್ದವನು ಟ್ವೈಮನ್. ಅವನು ನ್ಯಾಯಾಲಯಕ್ಕೆ ಹೋಗಿ ಸ್ಟೋಕ್ಸ್‌ನ ಕಾನೂನುಬದ್ಧ ಪಾಲಕನಾಗಿ ತನ್ನನ್ನು ನೇಮಿಸಬೇಕೆಂದು ಕೇಳಿಕೊಂಡ. ಕೇಳಿಕೊಂಡಾಗ ಅವನಿಗೆ ಇನ್ನೂ 24 ತುಂಬಿತ್ತೋ ಇಲ್ಲವೋ ಎನ್ನುವ ವಯಸ್ಸು. ಬಿಳಿಯ ಯುವಕನೊಬ್ಬ ಕರಿಯ ಯುವಕನೊಬ್ಬನಿಗೆ ಪಾಲಕನಾಗುವುದು ಆ ದೇಶದಲ್ಲಿ ಆ ಕಾಲದಲ್ಲಿ ಸಣ್ಣ ಸಂಗತಿಯಲ್ಲ. ಮುಂದೆ ಇದರ ಬಗ್ಗೆ ಕೇಳಿದವರಿಗೆಲ್ಲ ಟ್ವೈಮನ್ ಹೇಳುತ್ತಿದ್ದುದು ಒಂದೇ ತಾತ್ಪರ್ಯದ ಮಾತು: ಯಾರಾದರೂ ಮಾಡಲೇಬೇಕಾಗಿತ್ತು, ಅಲ್ಲಿದ್ದವನು ನಾನೊಬ್ಬನೇ.

ಅವನು ಮಾಡಿದ್ದೇನು? ಬಿಡುವಿನ ಕಾಲದಲ್ಲಿ ವಿಮೆಯ ಉದ್ಯೋಗ ಮಾಡುತ್ತಿದ್ದವನಾದ್ದರಿಂದ ಕಾಗದಪತ್ರಗಳ ವ್ಯವಹಾರ ಬಲ್ಲವನು. ಆಟವೂ ಒಂದು ಕೆಲಸ, ಆಟಗಾರನೂ ಒಬ್ಬ ಕೆಲಸಗಾರ, ಆದ್ದರಿಂದ ಕಾರ್ಮಿಕರಿಗೆ ಸಲ್ಲುವ ಪರಿಹಾರ ಇವನಿಗೂ ಸಲ್ಲಬೇಕೆಂದು ವಾದಿಸಿ ಅದನ್ನು ದೊರಕಿಸಿದ. ಅದು ಸಾಲದೆ ಬಂದಾಗ ಸಹಾಯಾರ್ಥ ಪಂದ್ಯ ಏರ್ಪಡಿಸಿದ. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಕಟ್ಷರ್ಸ್ ಎಂಬ ವಿಹಾರಧಾಮವೊಂದಿತ್ತು. ಅಲ್ಲಿ ಪ್ರತಿ ಬೇಸಿಗೆಯಲ್ಲಿ ವೃತ್ತಿ ಆಟಗಾರರು ಸ್ಟೋಕ್ಸ್‌ಗಾಗಿ ಸಂಬಳವಿಲ್ಲದೆ ಆಡಿದರು. ಮುಂದೆ ಆಟದ ಮಹಾವೀರನೆನಿಸಿದ ವಿಲ್ಟ್ ಚೇಂಬರ್ಲಿನ್ ಹುಡುಗನಾಗಿದ್ದಾಗ ಅದೇ ವಿಹಾರಧಾಮದಲ್ಲಿ ಅತಿಥಿಗಳ ಪೆಟ್ಟಿಗೆ ಹೊತ್ತವನು. ಅವನೂ ಬಂದು ಆಡುತ್ತಿದ್ದ. ಸ್ಟೋಕ್ಸ್ ತೀರಿಕೊಂಡ ಮೇಲೂ ಆ ಪಂದ್ಯ ನಿಲ್ಲಲಿಲ್ಲ. ಕಷ್ಟಕ್ಕೆ ಸಿಕ್ಕ ಹಳೆಯ ಆಟಗಾರರ ನೆರವಿಗೆಂದು ಮುಂದುವರಿಯಿತು.

ಹಣಕ್ಕಿಂತ ಕಷ್ಟವಾದದ್ದು ಮಾತು. ಸ್ಟೋಕ್ಸ್‌ಗೆ ಕಣ್ಣೆವೆ ಆಡುತ್ತಿತ್ತು. ಟ್ವೈಮನ್ ಹಾಸಿಗೆಯ ಪಕ್ಕ ಕುಳಿತು ಇಂಗ್ಲಿಷ್ ಅಕ್ಷರಮಾಲೆಯನ್ನು ಒಂದೊಂದಾಗಿ ಹೇಳುವನು. ಬೇಕಾದ ಅಕ್ಷರ ಬಂದಾಗ ಸ್ಟೋಕ್ಸ್ ಎವೆಯಿಕ್ಕುವನು. ಹೀಗೆ ಅಕ್ಷರ ಕೂಡಿ ಪದ, ಪದ ಕೂಡಿ ವಾಕ್ಯ. ನಲವತ್ತು ವರ್ಷ ಅಕ್ಷರವನ್ನೇ ನಂಬಿ ಬದುಕಿದ ನನ್ನಂಥವನಿಗೆ ಈ ಚಿತ್ರ ಬಹಳ ದೊಡ್ಡದಾಗಿ ಕಾಣುತ್ತದೆ. ಒಂದು ಮಾತಿಗಾಗಿ ಅಷ್ಟು ಹೊತ್ತು ಕಾಯಬಲ್ಲವನು ಆ ಮಾತನ್ನು ಎಷ್ಟು ಗೌರವದಿಂದ ಕೇಳಿರಬೇಕು!

ಸ್ಟೋಕ್ಸ್ ಬರಿಯ ಕೃಪೆಗೆ ಪಾತ್ರನಾಗಿ ಮಲಗಿದ್ದವನಲ್ಲ. ಈ ಕಥೆಯನ್ನು ಹೇಳುವವರು ಟ್ವೈಮನ್‌ನ ಒಳ್ಳೆಯತನವನ್ನು ಹೊಗಳುವ ಉತ್ಸಾಹದಲ್ಲಿ ಇದನ್ನು ಮರೆಯುತ್ತಾರೆ. ಅವನು ವರ್ಷಗಟ್ಟಲೆ ಅಂಗಸಾಧನೆ ಮಾಡಿದ. ಚೆಂಡನ್ನು ಗಾಳಿಯಲ್ಲಿ ಕಿತ್ತುಕೊಳ್ಳುತ್ತಿದ್ದ ಬೆರಳುಗಳನ್ನು ಒಂದು ಅಂಗುಲ ಮಡಿಸುವುದಕ್ಕಾಗಿ ಬೆವರಿಳಿಸಿದ. ಕೊನೆಗೆ ಬೆರಳಚ್ಚು ಯಂತ್ರದ ಕೀಲಿಗಳನ್ನು ಒತ್ತುವಷ್ಟು ಶಕ್ತಿ ಬಂತು. ಆಗ ಅವನು ಟ್ವೈಮನ್‌ಗೆ ಬರೆದದ್ದು ಕೃತಜ್ಞತೆಯ ಒಂದೆರಡು ಸಾಲು. ಮಾತು ಅಸ್ಪಷ್ಟವಾಗಿಯಾದರೂ ಸ್ವಲ್ಪ ಮರಳಿತು. ಚಿತ್ರ ಬರೆದ, ಮಣ್ಣಿನ ಪಾತ್ರೆಗಳನ್ನು ಮಾಡಿದ. ಗಾಲಿಕುರ್ಚಿಯಲ್ಲಿ ಕುಳಿತು ಬೇಸಿಗೆಯ ಸಹಾಯಾರ್ಥ ಪಂದ್ಯ ನೋಡಲು ಹೋಗಿ ಬಂದ. ಟ್ವೈಮನ್‌ನ ಮಕ್ಕಳು ಅವನನ್ನು ಮನೆಯವನೆಂದೇ ತಿಳಿದು ಬೆಳೆದರು. ತನಗೆ ಮನಸ್ಸು ಕುಗ್ಗಿದ ದಿನ ಸ್ಟೋಕ್ಸ್‌ನನ್ನು ನೋಡಿಬಂದರೆ ಹಗುರವಾಗುತ್ತಿತ್ತು, ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು ಎಂಬುದು ಟ್ವೈಮನ್‌ನ ಲೆಕ್ಕ.

ಈ ನಡುವೆ ಟ್ವೈಮನ್ ಆಡುವುದನ್ನು ಬಿಟ್ಟಿರಲಿಲ್ಲ. 1959-60ರ ಋತುವಿನಲ್ಲಿ ಅವನು ಆಟಕ್ಕೆ 31.2 ಅಂಕದ ಸರಾಸರಿ ಗಳಿಸಿದ. ಅದೇ ವರ್ಷ ಚೇಂಬರ್ಲಿನ್ ಅದಕ್ಕಿಂತ ಹೆಚ್ಚು ಗಳಿಸಿದ. ಮೂವತ್ತರ ಗಡಿ ದಾಟಿದ ಮೊದಲಿಗರು ಈ ಇಬ್ಬರೇ. 1966ರಲ್ಲಿ ಟ್ವೈಮನ್ ನಿವೃತ್ತನಾದ. ಸ್ಟೋಕ್ಸ್ 1970ರ ಏಪ್ರಿಲ್ 6ರಂದು ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 36. ಅವನ ಇಚ್ಛೆಯಂತೆ ಲೊರೆಟೊದಲ್ಲಿ, ತನಗೆ ವಿದ್ಯೆ ಕೊಟ್ಟ ಸಂನ್ಯಾಸಿಗಳ ಸಮಾಧಿಗಳ ನಡುವೆ ಅವನನ್ನು ಮಣ್ಣುಮಾಡಿದರು.

ನಮ್ಮ ಹಳಗನ್ನಡದಲ್ಲಿ ನಿಷ್ಠೆಗೆ ಎರಡು ಹೆಸರುಗಳಿವೆ. ಒಂದು 'ಜೋಳವಾಳಿ', ಉಂಡ ಅನ್ನದ ಋಣವನ್ನು ತೀರಿಸುವುದು. ಇನ್ನೊಂದು 'ವೇಳೆವಾಳಿ', ಒಡೆಯನಿಗೆ ಹೊತ್ತು ಬಂದಾಗ ಪ್ರಾಣವನ್ನೊಪ್ಪಿಸುವೆನೆಂಬ ಪ್ರತಿಜ್ಞೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದ ಕಂಬವೊಂದರ ಮೇಲೆ, ಇಮ್ಮಡಿ ಬಲ್ಲಾಳನಿಗಾಗಿ ಪ್ರಾಣ ಕೊಟ್ಟ ಕುವರಲಕ್ಷ್ಮನ ಶಾಸನವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಕರ್ಣನೂ ದುರ್ಯೋಧನನೊಡನೆ ಉಳಿದದ್ದರಲ್ಲಿ ಸ್ನೇಹದ ಜೊತೆಗೆ ಋಣವೂ ಇತ್ತು. ಈ ಮಾತುಗಳನ್ನು ನಾನು ತರಗತಿಯಲ್ಲಿ ಎಷ್ಟೋ ಬಾರಿ ಭಾವುಕನಾಗಿ ವಿವರಿಸಿದ್ದೇನೆ. ಆದರೆ ಇವೆಲ್ಲ ಒಡೆಯ ಆಳುಗಳ, ಕೊಟ್ಟವ ಪಡೆದವರ ನಡುವಿನ ನಿಷ್ಠೆ. ಟ್ವೈಮನ್ ಸ್ಟೋಕ್ಸ್‌ನ ಜೋಳ ಉಂಡವನಲ್ಲ. ಯಾವ ಪ್ರತಿಜ್ಞೆಯನ್ನೂ ಮಾಡಿದವನಲ್ಲ. ಇನ್ನೊಂದು ಭೇದವೂ ಉಂಟು. ಪ್ರಾಣ ಕೊಡಲು ಒಂದು ಗಳಿಗೆ ಸಾಕು, ಆ ಗಳಿಗೆಯ ಆವೇಶವೇ ಮನುಷ್ಯನನ್ನು ದಾಟಿಸಿಬಿಡುತ್ತದೆ. 12 ವರ್ಷ ಆಸ್ಪತ್ರೆಯ ಬಿಲ್ಲುಗಳನ್ನು ಲೆಕ್ಕಹಾಕುವುದಕ್ಕೆ, ವಕೀಲರಿಗೆ ಕಾಗದ ಬರೆಯುವುದಕ್ಕೆ, ದಿನವೂ ಅಕ್ಷರಮಾಲೆ ಹೇಳುವುದಕ್ಕೆ ಆವೇಶ ಒದಗುವುದಿಲ್ಲ. ಅದಕ್ಕೆ ವೀರಗಲ್ಲನ್ನೂ ಯಾರೂ ನಿಲ್ಲಿಸುವುದಿಲ್ಲ.

ಹಾಗೆಂದು ಒಬ್ಬನ ಒಳ್ಳೆಯತನವನ್ನು ಹಾಡಿ ನಾವು ಕೈತೊಳೆದುಕೊಳ್ಳಬಾರದು. ಅವನ ಆಟದಿಂದ ಟಿಕೆಟು ಮಾರಿದ ವ್ಯವಸ್ಥೆಯಲ್ಲಿ ಬಿದ್ದವನನ್ನು ಎತ್ತುವ ಏರ್ಪಾಡು ಇರಲಿಲ್ಲವೆಂಬುದೂ ಈ ಕಥೆಯ ಭಾಗವೇ. ಆಟಗಾರರು ಬಾಬ್ ಕೂಸಿ ಎಂಬಾತನ ಮುಂದಾಳ್ತನದಲ್ಲಿ 1954ರಲ್ಲೇ ಸಂಘ ಕಟ್ಟಿದ್ದರು. ಆದರೂ ನಿವೃತ್ತಿವೇತನದ ಭರವಸೆ ದೊರೆತದ್ದು 1964ರ ಜನವರಿಯಲ್ಲಿ, ಬಾಸ್ಟನ್ನಿನಲ್ಲಿ ಶ್ರೇಷ್ಠ ಆಟಗಾರರೆಲ್ಲ ಸೇರಿ, ಮಾತು ಕೊಡುವ ತನಕ ಅಂಗಳಕ್ಕೆ ಇಳಿಯುವುದಿಲ್ಲವೆಂದು ಹಟ ಹಿಡಿದ ರಾತ್ರಿ. ದಯೆ ಇರುವ ಕಡೆ ನ್ಯಾಯವೂ ಇದ್ದಿದ್ದರೆ ಸ್ಟೋಕ್ಸ್ ಒಬ್ಬನ ದಯೆಯನ್ನೇ ನೆಚ್ಚಬೇಕಾಗಿರಲಿಲ್ಲ.

1973ರಲ್ಲಿ ಇವರ ಕಥೆ ಚಲನಚಿತ್ರವಾಯಿತು. 1983ರಲ್ಲಿ ಟ್ವೈಮನ್‌ನ ಹೆಸರು ಸ್ಪ್ರಿಂಗ್‌ಫೀಲ್ಡಿನಲ್ಲಿರುವ ಬ್ಯಾಸ್ಕೆಟ್‌ಬಾಲ್ ಕೀರ್ತಿಮಂದಿರವನ್ನು ಸೇರಿತು. ಮೂರೇ ವರ್ಷ ಆಡಿದ ಸ್ಟೋಕ್ಸ್ ಅಲ್ಲಿಗೆ ಸೇರಲು 2004ರ ವರೆಗೆ ಕಾಯಬೇಕಾಯಿತು. ಅವನ ಪರವಾಗಿ ಆ ಗೌರವವನ್ನು ಸ್ವೀಕರಿಸಲು ವೇದಿಕೆಯೇರಿದವನು ಎಪ್ಪತ್ತು ವರ್ಷದ ಟ್ವೈಮನ್. ಅವನು 2012ರ ಮೇ 30ರಂದು ತೀರಿಕೊಂಡ. ಮರುವರ್ಷ ಎನ್.ಬಿ.ಎ. ಇಬ್ಬರ ಹೆಸರನ್ನೂ ಕೂಡಿಸಿ ಒಂದು ವಾರ್ಷಿಕ ಪ್ರಶಸ್ತಿಯನ್ನು ಸ್ಥಾಪಿಸಿತು. ಹೆಚ್ಚು ಅಂಕ ಗಳಿಸಿದವನಿಗಲ್ಲ, ಉತ್ತಮ ಜೊತೆಯಾಟಗಾರನಿಗೆ ಅದು ಸಲ್ಲುತ್ತದೆ.

ಈಗ ನಾನು ಕೊನೆಗೆಂದು ಉಳಿಸಿಕೊಂಡ ಮಾತು. ನನ್ನೊಡನೆ ಇಪ್ಪತ್ತು ವರ್ಷ ಒಂದೇ ಕೊಠಡಿಯಲ್ಲಿ ಕುಳಿತು ಪಾಠ ಹೇಳಿದ ಸಹೋದ್ಯೋಗಿಯೊಬ್ಬರಿದ್ದರು. ನಿವೃತ್ತಿಯಾದ ಮರುವರ್ಷವೇ ಅವರಿಗೆ ಪಾರ್ಶ್ವವಾಯು ಬಡಿದು ಬಲಗೈ, ಮಾತು ಎರಡೂ ಹೋದವು. ಸುದ್ದಿ ತಿಳಿದ ದಿನವೇ ಓಡಿ ಹೋದೆ. ಆ ತಿಂಗಳು ಮತ್ತೆರಡು ಸಲ ಹೋದೆ. ಅವರು ಏನನ್ನೋ ಹೇಳಲು ಯತ್ನಿಸುವರು, ನನಗೆ ಅರ್ಥವಾಗದು, ಅರ್ಥವಾದವನಂತೆ ತಲೆಯಾಡಿಸುವೆನು, ಅದು ಅವರಿಗೆ ತಿಳಿಯುವುದು. ಆ ಮುಜುಗರವನ್ನು ತಾಳಲಾರದೆ ಹೋಗುವುದನ್ನು ಕಡಿಮೆ ಮಾಡಿದೆ. ಬಸ್ಸು ಅನುಕೂಲವಿಲ್ಲ, ಮೊಣಕಾಲು ನೋವು, ಮಳೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಅವರು ನಾಲ್ಕು ವರ್ಷ ಹಾಗೆಯೇ ಇದ್ದರು. ಕೊನೆಗೆ ಹೋದದ್ದು ವೈಕುಂಠ ಸಮಾರಾಧನೆಗೆ. ಅಲ್ಲಿ ಅವರ ಮನೆಯವರು ಒಂದು ಸ್ಲೇಟನ್ನು ತೋರಿಸಿದರು. ಪಕ್ಕದ ಮನೆಯ ನಿವೃತ್ತ ಅಂಚೆಯವರೊಬ್ಬರು ದಿನವೂ ಸಂಜೆ ಬಂದು, ಪತ್ರಿಕೆ ಓದಿ ಹೇಳಿ, ಆ ಸ್ಲೇಟಿನ ಮೇಲೆ ಎಡಗೈಯಲ್ಲಿ ಅಕ್ಷರ ತಿದ್ದಿಸುತ್ತಿದ್ದರಂತೆ. ಕೊನೆಕೊನೆಗೆ ಅವರು ಬಳಪ ಹಿಡಿದು ಸಣ್ಣ ಸಣ್ಣ ಮಾತುಗಳನ್ನು ಬರೆಯುತ್ತಿದ್ದರಂತೆ. ಕನ್ನಡ ಎಂ.ಎ. ಮಾಡಿದವನು ನಾನು, ಅಕ್ಷರ ತಿದ್ದಿಸಿದವರು ಅವರು.

ಆ ರಾತ್ರಿ ನನಗೆ ಆ ವಿದ್ಯಾರ್ಥಿ ಹೇಳಿದ ಎರಡು ಹೆಸರುಗಳು ನೆನಪಾದವು. ಹುಡುಕಿ ಓದಿದೆ. ಟ್ವೈಮನ್ ಹೇಳುತ್ತಿದ್ದ ಮಾತಿನ ಹತ್ತಿರ ಬಂದಾಗ ಪುಸ್ತಕ ಕೆಳಗಿಟ್ಟೆ. ಅಲ್ಲಿದ್ದವನು ನಾನೊಬ್ಬನೇ ಎಂದು ಅವನು ಹೇಳಿದ. ನಾನೂ ಅಲ್ಲಿಯೇ ಇದ್ದೆ. ಎರಡು ಬಸ್ಸುಗಳ ದೂರದಲ್ಲಿ.

ಈ ಕಥೆ ಕೇಳಿ ಎಲ್ಲರೂ ಟ್ವೈಮನ್ ಆಗಬೇಕೆಂದು ಹೇಳುವ ಅಧಿಕಾರ ನನಗಿಲ್ಲ. ನಿಮ್ಮ ನಿಮ್ಮ ಬೀದಿಯಲ್ಲಿ, ಹಳೆಯ ಕಚೇರಿಯಲ್ಲಿ, ಶಾಲೆಯಲ್ಲಿ, ಒಮ್ಮೆ ನಿಮ್ಮ ಜೊತೆಯಲ್ಲಿ ಓಡಾಡಿದವರೊಬ್ಬರು ಈಗ ಹಾಸಿಗೆ ಹಿಡಿದು ಮಲಗಿರಬಹುದು. ಮೊದಲ ತಿಂಗಳು ಅವರಿಗೆ ನೋಡಲು ಬರುವವರ ಕೊರತೆಯಿರುವುದಿಲ್ಲ. ಆಮೇಲಿನ ತಿಂಗಳುಗಳಲ್ಲಿ ಒಂದು ದಿನ ಹೋಗಿ ಬನ್ನಿ. ಮಾತು ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ; ತಿಳಿದಂತೆ ತಲೆಯಾಡಿಸಬೇಡಿ. ಇಷ್ಟನ್ನು ಮಾತ್ರ ನನ್ನ ತಪ್ಪಿನಿಂದ ಕಲಿತವನಾಗಿ ಹೇಳುತ್ತೇನೆ.